ಚೌಕದ ಅಂಗಡಿಗಳ ತಲೆಯ ಮೇಲಿನ ಮಣ್ಣು

ಹಳೆಯ ಅಂಗಡಿ ಕಟ್ಟಡವನ್ನು ಪರೀಕ್ಷಿಸಲು ಹೋದರೆ ಮೊದಲು ಮಾಳಿಗೆ, ಅಂದರೆ ಮಣ್ಣು ಹಾಸಿದ ಛಾವಣಿ, ಹತ್ತಿ. ಮುಂಬಾಗಿಲಲ್ಲಿ ನಿಂತಿರೋ, ಕೆಟ್ಟಿರಿ. ಅಂಗಡಿಯವರು ಕುರ್ಚಿ ಹಾಕಿ ಕೂರಿಸುತ್ತಾರೆ, ಚಹಾ ತರಿಸುತ್ತಾರೆ, ನಿಜಾಮರ ಕಾಲದಲ್ಲಿ ತಮ್ಮ ಮುತ್ತಜ್ಜ ಎಂಥ ವ್ಯಾಪಾರಿಯಾಗಿದ್ದ ಎಂದು ಶುರು ಮಾಡುತ್ತಾರೆ. ಅದು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿ, ನಿಮಗೂ ಸಾಕಾಗಿ, ಕಟ್ಟಡ ಸುಸ್ಥಿತಿಯಲ್ಲಿದೆ ಎಂದು ಬರೆದು ಎದ್ದು ಬರುತ್ತೀರಿ. ಮಾಳಿಗೆಯ ಮೇಲೆ ಯಾರೂ ಚಹಾ ಕೊಡುವುದಿಲ್ಲ.

ಇದನ್ನು ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ನಾನು ಕಟ್ಟಡ ಶಾಖೆಗೆ ಕಿರಿಯ ಎಂಜಿನಿಯರಾಗಿ ಸೇರಿದವಳು. ಗಂಗಾವತಿ, ಕುಷ್ಟಗಿ, ಕೊಪ್ಪಳ, ಕೊನೆಗೆ ಯಲಬುರ್ಗಾ ಕಡೆಯ ಒಂದು ಸಣ್ಣ ಊರು ಹೀಗೆ ಅಲೆದು ನಿವೃತ್ತಳಾದೆ. ಬಡ್ತಿ ಯಾವಾಗ ಬಂತು, ಯಾಕೆ ತಡವಾಯಿತು, ಯಾರು ಅಡ್ಡಗಾಲು ಹಾಕಿದರು ಎಂಬುದರಲ್ಲಿ ನಿಮಗೆ ಕಲಿಯುವಂಥದ್ದು ಏನೂ ಇಲ್ಲ. ನನಗೆ ಉಳಿದಿರುವುದು ಸವೆದ ಮಂಡಿ ಮತ್ತು ಊರೂರಿನ ಚೌಕಗಳಲ್ಲಿ ನೋಡಿದ ಹಳೆಯ ಅಂಗಡಿಗಳ ನೆನಪು. ಮಂಡಿಯ ಬಗ್ಗೆ ಡಾಕ್ಟರಿಗೆ ಹೇಳಿ ಆಗಿದೆ.

ಗಂಗಾವತಿಯಲ್ಲಿ ಸೇರಿದ ಹೊಸದರಲ್ಲಿ ಹೆಂಗಸು ಮಾಳಿಗೆ ಹತ್ತುವುದೇ ದೊಡ್ಡ ಗಲಾಟೆಯಾಗಿತ್ತು. ಒಬ್ಬ ಅಕ್ಕಿ ವ್ಯಾಪಾರಿ ತನ್ನ ಗಾದಿಯ ಮೇಲೆ ಲಕ್ಷ್ಮಿಯ ಪಟ ಇದೆ, ಅದರ ತಲೆಯ ಮೇಲೆ ನೀವು ಓಡಾಡುವುದು ಬೇಡ, ಬೇಕಾದರೆ ನಿಮ್ಮ ಜವಾನನನ್ನು ಹತ್ತಿಸಿ, ಕೆಳಗೆ ಕೂತು ಬರೆದುಕೊಳ್ಳಿ ಎಂದ. ಜವಾನ ತಲೆಯ ಮೇಲೆ ಓಡಾಡಿದರೆ ಲಕ್ಷ್ಮಿಗೆ ಬೇಜಾರಿಲ್ಲವೇ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಜವಾನನನ್ನೇ ಹತ್ತಿಸಿದೆ. ಅವನು ಬಹಳ ಹೊತ್ತಿನ ಮೇಲೆ ಇಳಿದು ಬಂದು ಎಲ್ಲಾ ಛಲೋ ಐತ್ರಿ ಎಂದ. ಮೇಲೆ ನೀರಿನ ಟಾಕಿಯ ನೆರಳಲ್ಲಿ ಕೂತು ಬೀಡಿ ಸೇದಿ ಬಂದಿದ್ದ ಎಂದು ಆಮೇಲೆ ಪಕ್ಕದ ಮನೆಯವರು ಹೇಳಿದರು. ಅಂದಿನಿಂದ ನಾನು ಸೆರಗು ಸಿಕ್ಕಿಸಿ ನಾನೇ ಹತ್ತತೊಡಗಿದೆ. ಯಾರು ಏನೆಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಿನ ನಮ್ಮ ಸಾಹೇಬರು ಜೀಪಿನಿಂದ ಇಳಿಯದವರು. ಚೌಕಕ್ಕೆ ಒಂದು ಸುತ್ತು ಹಾಕಿಸಿ, ಇದು ಗಟ್ಟಿ, ಇದು ಶಿಥಿಲ, ಅದೂ ಶಿಥಿಲ ಎಂದು ಬೆರಳು ತೋರಿಸುತ್ತ ಹೋಗುವರು. ಜೀಪಿನ ಕಿಟಕಿ ಇಳಿಸಿದರೆ ಅದು ವಿವರವಾದ ತಪಾಸಣೆ ಎಂದು ನಾವು ನಗುತ್ತಿದ್ದೆವು. ಒಮ್ಮೆ ಅವರು ಶಿಥಿಲ ಎಂದ ಕಟ್ಟಡ ಇವತ್ತಿಗೂ ನಿಂತಿದೆ, ಗಟ್ಟಿ ಎಂದದ್ದು ಮರುವರ್ಷವೇ ಹಿಂದಕ್ಕೆ ವಾಲಿತು. ಅಲ್ಲಿ ಕಾಲುವೆ ನೀರು ಬಂದ ಮೇಲೆ ನೆಲದ ತೇವ ಗೋಡೆಗೆ ಏರಿ, ಒಳಗಿನ ಕಲ್ಲಿನ ಸಂದಿಯ ಮಣ್ಣು ಹಿಟ್ಟಾಗಿ ಉದುರುತ್ತಿತ್ತು. ಹೊರಗಿನಿಂದ ಸುಣ್ಣ ಹೊಡೆದ ಗೋಡೆ ಮದುಮಗನ ಹಾಗೆ ಇರುತ್ತಿತ್ತು. ಜೀಪಿನಿಂದ ಕಾಣುವುದು ಸುಣ್ಣ ಮಾತ್ರ.

ಸಾಹೇಬರನ್ನು ಆಡಿಕೊಂಡು ನನ್ನದನ್ನು ಮುಚ್ಚಿಡುವುದು ಸರಿಯಲ್ಲ. ನಾನು ಗದಗದ ಕಡೆಯವಳು, ನಿಜಾಮರ ಸೀಮೆಯ ರೀತಿ ರಿವಾಜು ಗೊತ್ತಿರಲಿಲ್ಲ. ಕುಷ್ಟಗಿಗೆ ಬಂದ ಮೊದಲಲ್ಲಿ ಒಂದು ಕಿರಾಣಿ ಅಂಗಡಿಯ ನೆತ್ತಿಯ ಮೇಲೆ ಗಾರೆಯಲ್ಲಿ ಹದಿಮೂರುನೂರರ ಲೆಕ್ಕದ ಒಂದು ವರ್ಷ ಕೆತ್ತಿದ್ದನ್ನು ನೋಡಿದೆ. ಹಾಗೇ ನಂಬಿ, ಕಟ್ಟಡ ಆರು ಶತಮಾನಕ್ಕೂ ಹಳೆಯದು ಎಂದು ವರದಿ ಬರೆದೆ. ಅಲ್ಲಿನ ಸಾಹೇಬರು ಅದನ್ನು ಓದದೆ ಸಹಿ ಹಾಕಿದರು. ಮೇಲಿನ ಕಚೇರಿಯಿಂದ ಒಬ್ಬರು ಫೋನು ಮಾಡಿ, ಹಂಪಿಗೆ ಸರಿಜೋಡಿಯಾದ ಕಿರಾಣಿ ಅಂಗಡಿ ನಿಮ್ಮಲ್ಲಿದೆಯಂತೆ, ಬೆಲ್ಲ ಇನ್ನೂ ಆಗಿನದೇ ಇದೆಯೋ ಹೇಗೆ ಎಂದು ಕೇಳಿದರು. ನಿಜಾಮರ ಕಾಲದ ಫಸಲಿ ವರ್ಷಕ್ಕೂ ನಮ್ಮ ಇಸವಿಗೂ ಸುಮಾರು ಐನೂರ ತೊಂಬತ್ತು ವರ್ಷದ ಅಂತರವಿದೆ ಎಂಬುದನ್ನು ಆ ಅಂಗಡಿಯ ಮುದುಕನೇ ನನಗೆ ತಿಳಿಸಿಕೊಟ್ಟ. ಕಟ್ಟಡ ಅವನ ಅಪ್ಪನ ಕಾಲದ್ದು. ಅದರಲ್ಲೂ ಆ ವರ್ಷ ಕಟ್ಟಿದ ವರ್ಷವಲ್ಲ, ಮನೆಯಲ್ಲಿ ಮದುವೆಯಾದಾಗ ಮುಂದಿನ ಗೋಡೆಗೆ ಹೊಸ ಗಾರೆ ಬಳಿಸಿದ ವರ್ಷ. ಹೀಗಾಗಿ ನೆತ್ತಿಯ ಮೇಲಿನ ಇಸವಿ, ನವಿಲು, ಆನೆ, ಬಳ್ಳಿ ಯಾವುದನ್ನೂ ನಂಬಬೇಡಿ. ವ್ಯಾಪಾರಸ್ಥರು ಮುಂದಿನ ಗೋಡೆಯನ್ನು ಗಿರಾಕಿಗಾಗಿ ಕಟ್ಟುತ್ತಾರೆ. ಕಟ್ಟಡದ ಖರೆ ವಯಸ್ಸು ಹಿಂದಿನ ಓಣಿಯಲ್ಲಿ ಮತ್ತು ಮಾಳಿಗೆಯ ಮೇಲೆ ಸಿಗುತ್ತದೆ.

ಕೆಲಸದ ರೀತಿಯೂ ಬದಲಾಯಿತು. ನಾನು ಸೇರಿದಾಗ ಹುಣಸೆ ಬಡಿಗೆಯಿಂದ ತೊಲೆಯನ್ನು ತಟ್ಟಿ ಸದ್ದು ಕೇಳುತ್ತಿದ್ದೆವು. ಗಟ್ಟಿ ತೊಲೆ ಟಣ್ ಎನ್ನುತ್ತದೆ, ಗೆದ್ದಲು ತಿಂದದ್ದು ದಬ್ ಎನ್ನುತ್ತದೆ. ಆಮೇಲೆ ಕ್ಯಾಮರಾ ಬಂತು, ಮೊಬೈಲು ಬಂತು. ಕೊಪ್ಪಳದಲ್ಲಿ ನನ್ನ ಕೊನೆಯ ವರ್ಷಗಳಲ್ಲಿ ಡ್ರೋನ್ ಹಾರಿಸಿ ಇಡೀ ಪೇಟೆಯ ಮಾಳಿಗೆಗಳ ಫೋಟೊ ತೆಗೆದರು. ಬಹಳ ಚಂದದ ಫೋಟೊ. ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ಸಹ ಕಾಣುತ್ತಿತ್ತು. ಆದರೆ ಮಾಳಿಗೆಯ ಮಣ್ಣು ಗೇಣುದ್ದ ಇದೆಯೋ, ಆಳುದ್ದ ಇದೆಯೋ ಎನ್ನುವುದು ಮೇಲಿನಿಂದ ಗೊತ್ತಾಗುವುದಿಲ್ಲ. ಆ ಮಣ್ಣಿನ ಸುದ್ದಿಗೇ ಬರುತ್ತೇನೆ. ಬರೆಯಲು ಕೂತದ್ದೂ ಅದಕ್ಕೇ.

ಯಲಬುರ್ಗಾ ಕಡೆಯ ಆ ಊರಿನ ಹೆಸರು ಬೇಡ. ಬಸ್ಸು ನಿಲ್ಲುವಲ್ಲಿಯೇ ಚೌಕ. ಪೂರ್ವಕ್ಕೆ ಐದು ಅಂಗಡಿಗಳ ಒಂದು ಹಳೆಯ ಸಾಲು. ನಿಜಾಮರ ಕಾಲದಲ್ಲಿ ಹತ್ತಿ ಮತ್ತು ಶೇಂಗಾ ವ್ಯಾಪಾರದ ಒಬ್ಬ ಸಾಹುಕಾರ ಅದನ್ನು ಒಂದೇ ಕಟ್ಟಡವಾಗಿ ಕಟ್ಟಿಸಿದ್ದನಂತೆ. ಅವನ ಮಕ್ಕಳು ಊರು ಬಿಡುವಾಗ ಒಂದೊಂದೇ ಕೋಣೆಯನ್ನು ಮಾರಿ ಹೋದರು. ನಡುವಿನ ಗೋಡೆಗಳು ಇಬ್ಬರಿಗೂ ಸೇರಿದವು, ಮೇಲೆ ಮಾಳಿಗೆ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಒಂದೇ. ಕಲ್ಲಿನ ಗೋಡೆ, ಗೋಡೆಯಿಂದ ಗೋಡೆಗೆ ಮರದ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಬೇವಿನ ಸೊಪ್ಪು ಹಾಸಿ ಮಣ್ಣು. ಪ್ರತಿ ಬೇಸಿಗೆಯಲ್ಲಿ ಹಳೆಯ ಮಣ್ಣನ್ನು ಕೆರೆದು ತೆಗೆದು, ನೀರು ಇಂಗದ ಹೊಸ ಸವಳು ಮಣ್ಣನ್ನು ತೆಳ್ಳಗೆ ಹಾಕಿ ಬಡಿಯಬೇಕು. ಹಾಗೆ ಮಾಡಿಕೊಂಡು ಬಂದರೆ ಇಂಥ ಮಾಳಿಗೆ ನಮ್ಮ ಸಿಮೆಂಟಿನ ಸ್ಲಾಬಿಗಿಂತ ಹೆಚ್ಚು ಬಾಳುತ್ತದೆ, ಒಳಗೆ ತಂಪಾಗಿಯೂ ಇರುತ್ತದೆ.

ಮೂಲೆಯಲ್ಲಿ ಗುರಣ್ಣನ ಬಟ್ಟೆ ಅಂಗಡಿ. ಅವನ ಪಕ್ಕ ಪಾತ್ರೆ ಅಂಗಡಿ. ನಟ್ಟನಡುವೆ ನೀಲಮ್ಮನ ಬಳೆ ಅಂಗಡಿ. ಆಮೇಲೆ ಇಮಾಮಸಾಬರ ಟ್ರಂಕಿನ ಅಂಗಡಿ, ಕೊನೆಗೆ ಒಂದು ಕಿರಾಣಿ. ನಾಲ್ವರು ತಮ್ಮ ತಮ್ಮ ಅಂಗಡಿಯ ಮಾಲೀಕರು. ನೀಲಮ್ಮ ಮಾತ್ರ ಬಾಡಿಗೆಯವಳು, ಅವಳ ಅಂಗಡಿ ಗುರಣ್ಣನದು. ಅವಳ ಅತ್ತೆಯ ಕಾಲದಿಂದ ಬಂದ ಬಾಡಿಗೆ. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡಿದ್ದ. ಸುತ್ತಲಿನ ಹಳ್ಳಿಯ ಹೆಂಗಸರು ಸಂತೆಯ ದಿನ ಬಸ್ಸಿಳಿದು ನೇರ ಅವಳಲ್ಲಿಗೆ ಬರುವರು. ಮದುವೆಯ ಜವಳಿ ಗುರಣ್ಣನಲ್ಲಿ, ಪಾತ್ರೆ ಪಕ್ಕದಲ್ಲಿ, ಬಳೆ ನೀಲಮ್ಮನಲ್ಲಿ, ಟ್ರಂಕು ಇಮಾಮಸಾಬರಲ್ಲಿ. ಹೀಗೆ ಒಂದು ಮದುವೆಯ ಖರೀದಿ ಅದೇ ಸಾಲಿನಲ್ಲಿ ಮುಗಿಯುತ್ತಿತ್ತು. ಆ ಸಾಲನ್ನು ಬಿಟ್ಟು ನೀಲಮ್ಮ ಬೇರೆ ಓಣಿಯಲ್ಲಿ ಕೂತರೆ ಅವಳನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ಗುರಣ್ಣನಿಗೂ ಗೊತ್ತಿತ್ತು.

ನಾನು ಅಲ್ಲಿಗೆ ಹೋದ ವರ್ಷ ಮಳೆಗಾಲದಲ್ಲಿ ನೀಲಮ್ಮನ ಅಂಗಡಿ ವಿಪರೀತ ಸೋರಿತು. ಬಳೆಯ ಕಟ್ಟುಗಳ ಮೇಲೆ ಕೆಸರು ನೀರು ಇಳಿಯುವ ವಿಡಿಯೊವನ್ನು ಯಾರೋ ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಅಂಗಡಿ ಬೀಳುತ್ತದೆ, ಸಂತೆಯ ದಿನ ಬಿದ್ದರೆ ಹೆಣ ಎಣಿಸಬೇಕಾದೀತು ಎಂದೆಲ್ಲ ಬರೆದಿದ್ದರು. ಮುಂದೆ ನಿಂತು ಅರ್ಜಿ ಕೊಟ್ಟವನು ಗುರಣ್ಣ. ಶಿಥಿಲ ಎಂದು ನಮ್ಮವರೇ ಕೆಡವಿಸಿಬಿಟ್ಟರೆ ಬಾಡಿಗೆಯವಳು ತಾನಾಗಿ ಎದ್ದು ಹೋಗುತ್ತಾಳೆ, ಆ ಜಾಗದಲ್ಲಿ ಹೊಸದು ಕಟ್ಟಬಹುದು ಎಂಬುದು ಅವನ ಲೆಕ್ಕಾಚಾರ. ಆಗಿನ ಸಾಹೇಬರು ಜೀಪಿನಿಂದ ಇಳಿಯುವವರೇನೋ ಹೌದು, ಆದರೆ ಮೊಬೈಲಿನ ವಿಡಿಯೊ ನೋಡಿದ ಮೇಲೆ ಇಳಿಯುವ ಅಗತ್ಯ ಅವರಿಗೂ ಕಾಣಲಿಲ್ಲ. ನಡುವಿನ ಅಂಗಡಿಗೆ ನೋಟೀಸು ತಯಾರು ಮಾಡಿ, ನೀವು ಒಮ್ಮೆ ಹೋಗಿ ಬಂದಂತೆ ಮಾಡಿ ಎಂದು ನನಗೆ ಹೇಳಿದರು.

ಹೋಗಿ ಬಂದಂತೆ ಮಾಡುವ ಬದಲು ಹೋದೆ. ಗುರಣ್ಣನ ಅಂಗಡಿಯ ಹಿಂದಿನ ಏಣಿಯಿಂದ ಮಾಳಿಗೆ ಹತ್ತಿದವಳು ಒಂದು ಕ್ಷಣ ಅಲ್ಲೇ ನಿಂತೆ. ಅಷ್ಟು ವರ್ಷದ ನೌಕರಿಯಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಗುರಣ್ಣನ ಮಾಳಿಗೆ ನನ್ನ ಸೊಂಟದ ಎತ್ತರಕ್ಕೆ ಮಣ್ಣು ತುಂಬಿ ದಿಬ್ಬವಾಗಿತ್ತು. ಪಾತ್ರೆ ಅಂಗಡಿಯದು ಅದಕ್ಕೆ ಸ್ಪರ್ಧೆ ಕೊಡುವಂತಿತ್ತು. ಆಚೆ ಇಮಾಮಸಾಬರದು, ಕಿರಾಣಿಯದು ಕೂಡ ಹಾಗೇ. ನಡುವೆ ನೀಲಮ್ಮನ ಮಾಳಿಗೆ ಮಾತ್ರ ತಗ್ಗಿನಲ್ಲಿ, ಎರಡು ದಿಬ್ಬಗಳ ನಡುವಿನ ಹಳ್ಳದ ಹಾಗೆ ಇತ್ತು.

ವಿಚಾರಿಸಿದಾಗ ಗೊತ್ತಾಯಿತು. ಹಳೆಯ ಮಣ್ಣನ್ನು ಕೆರೆದು ಕೆಳಗಿಳಿಸಿದರೆ ಅಂಗಡಿಯ ಮುಂದೆ ಧೂಳೆದ್ದು ವ್ಯಾಪಾರ ಕೆಡುತ್ತದೆ. ಅದಕ್ಕಾಗಿ ಕೆರೆಯುವುದನ್ನು ಎಂದೋ ಬಿಟ್ಟಿದ್ದರು. ಹಳೆಯದರ ಮೇಲೆಯೇ ಹೊಸದನ್ನು ಹಾಕುತ್ತ ಬಂದರು. ಮಾಳಿಗೆ ಒಂದೇ ಆದ್ದರಿಂದ, ಯಾರದು ಎತ್ತರವೋ ಅವರ ನೀರು ಪಕ್ಕದವರ ಮೇಲೆ ಹರಿಯುತ್ತದೆ. ಒಬ್ಬ ಈ ಬೇಸಿಗೆಯಲ್ಲಿ ಎರಡು ಪುಟ್ಟಿ ಹೆಚ್ಚು ಹಾಕಿದರೆ ಪಕ್ಕದವನು ಮುಂದಿನ ಬೇಸಿಗೆಯಲ್ಲಿ ನಾಲ್ಕು ಪುಟ್ಟಿ ಹಾಕುವನು. ಕೆಳಗೆ ದಿನಾ ಒಂದೇ ಕಿಟ್ಲಿಯ ಚಹಾ ಹಂಚಿಕೊಂಡು ಕುಡಿಯುವ ಜನ ಮೇಲೆ ತಲೆಮಾರುಗಟ್ಟಲೆ ಹೀಗೆ ಪೈಪೋಟಿ ನಡೆಸಿದ್ದರು. ನೀಲಮ್ಮನ ಮಾಳಿಗೆಗೆ ಮಾತ್ರ ಮಣ್ಣು ಬೀಳಲಿಲ್ಲ. ಬಾಡಿಗೆಯವರು ಹಾಕಿಸಲಿ ಎಂದು ಗುರಣ್ಣನ ಮನೆಯವರು, ಮಾಲೀಕರು ಹಾಕಿಸಲಿ ಎಂದು ನೀಲಮ್ಮನ ಮನೆಯವರು. ನಾಲ್ಕು ಅಂಗಡಿಯ ನೀರು ಕೊನೆಗೆ ಅವಳ ತಲೆಯ ಮೇಲೆ ಬಂದು ನಿಲ್ಲುತ್ತಿತ್ತು.

ಕೆಳಗಿಳಿದು ಬಡಿಗೆ ತೆಗೆದುಕೊಂಡು ಒಂದೊಂದೇ ಅಂಗಡಿಯ ತೊಲೆ ತಟ್ಟಿದೆ. ಗುರಣ್ಣನ ದೊಡ್ಡ ತೊಲೆ ನಡುವಿನಲ್ಲಿ ಸೀಳು ಬಿಟ್ಟಿತ್ತು, ಅದನ್ನು ಮುಚ್ಚಲು ಬಣ್ಣ ಹೊಡೆಸಿದ್ದ. ಪಾತ್ರೆ ಅಂಗಡಿಯದು ಬಾಗಿತ್ತು. ಇಮಾಮಸಾಬರದು ಗೋಡೆಯಿಂದ ಜಾರತೊಡಗಿತ್ತು. ಕಿರಾಣಿಯ ತೊಲೆಗೆ ಕೆಳಗಿನಿಂದ ಒಂದು ಕಬ್ಬಿಣದ ಪೈಪು ಕೊಟ್ಟು ಅದಕ್ಕೆ ಬಾಳೆಗೊನೆ ತೂಗುಹಾಕಿದ್ದರು. ನೀಲಮ್ಮನ ತೊಲೆ ಒದ್ದೆಯಾಗಿದ್ದರೂ ನೇರವಾಗಿ, ಗಟ್ಟಿಯಾಗಿ ಕೂತಿತ್ತು. ಭಾರ ಬೀಳದ್ದರಿಂದ ಅದಕ್ಕೇನೂ ಆಗಿರಲಿಲ್ಲ. ಊರೆಲ್ಲ ಬೀಳುತ್ತದೆ ಎನ್ನುತ್ತಿದ್ದ ಅಂಗಡಿಯೊಂದೇ ಆ ಸಾಲಿನಲ್ಲಿ ನಿಲ್ಲುವಂಥದ್ದು.

ಇದನ್ನು ಇದ್ದಂತೆ ಬರೆದರೆ ನಾಲ್ಕು ಅಂಗಡಿಗೆ ನೋಟೀಸು ಹೋಗುತ್ತದೆ. ಬರೆಯದಿದ್ದರೆ ನೀಲಮ್ಮನದು ಹೋಗುತ್ತದೆ. ನಾನು ಸಾಹೇಬರಲ್ಲಿ ಒಂದಷ್ಟು ದಿನದ ಗಡುವು ಕೇಳಿಕೊಂಡು, ಮಳೆಗಾಲದ ನಡುವೆಯೇ ಐವರನ್ನೂ ಇಮಾಮಸಾಬರ ಅಂಗಡಿಯ ಮುಂದೆ ಕೂಡಿಸಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ನಿಮ್ಮ ತಲೆಯ ಮೇಲಿನ ಮಣ್ಣನ್ನು ಇಳಿಸಿ, ತೊಲೆಗಳಿಗೆ ಆಸರೆ ಕೊಡಿ, ನಾನು ಯಾರಿಗೂ ನೋಟೀಸು ಕೊಡಿಸುವುದಿಲ್ಲ ಎಂದೆ. ಅದರ ಜೊತೆ, ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಮಾತನ್ನೂ ಹೇಳಿದೆ.

"ಇಡೀ ಸಾಲಿನ್ಯಾಗ ಗಟ್ಟಿ ಇರೂದು ಅಂದ್ರ ನೀಲಮ್ಮನ ಅಂಗಡಿ ಒಂದ. ಇನ್ನ ಯಾರೂ ಅದರ ಸುದ್ದಿಗೆ ಹೋಗಬ್ಯಾಡ್ರಿ."

ಹೇಳಿ ನನಗೆ ಬಹಳ ಸಮಾಧಾನವಾಯಿತು. ಗುರಣ್ಣ ಮುಖ ಕೆಳಗೆ ಹಾಕಿದ. ನೀಲಮ್ಮ ಖುಷಿಯಾದಂತೆ ಕಾಣಲಿಲ್ಲ. ಬಾಯಿ ಇಲ್ಲದ ಹೆಂಗಸು, ಸಂಕೋಚ ಎಂದುಕೊಂಡೆ.

ಮಣ್ಣು ತೆಗೆಯಲು ಎಲ್ಲರೂ ಒಪ್ಪಿದರು, ಮೊದಲು ತೆಗೆಯಲು ಯಾರೂ ಒಪ್ಪಲಿಲ್ಲ. ಕಿರಾಣಿಯವರು ಇಳಿಸಲಿ, ಆಮೇಲೆ ನಾನು ಇಳಿಸುತ್ತೇನೆ, ಇಲ್ಲದಿದ್ದರೆ ಅವರ ನೀರು ನನ್ನ ಮೇಲೆ ಎಂದು ಇಮಾಮಸಾಬರು. ಅವರು ಇಳಿಸಲಿ ಎಂದು ಕಿರಾಣಿಯವರು. ಈ ಕಡೆ ಗುರಣ್ಣ ಮತ್ತು ಪಾತ್ರೆ ಅಂಗಡಿಯವರದ್ದೂ ಅದೇ ರಾಗ. ನಾನು ದಿನಾ ಹೋಗಿ ದಿನಾ ಬಂದೆ. ಬೇಸರವಾಗಿ ಒಂದು ಮಧ್ಯಾಹ್ನ ಹಿಂದಿನ ಓಣಿಗೆ ಹೋಗಿ ನೆರಳಲ್ಲಿ ನಿಂತು ಹಿಂಗೋಡೆ ನೋಡುತ್ತಿದ್ದೆ. ಅಲ್ಲಿ ಒಂದೇ ಎತ್ತರದಲ್ಲಿ ಐದು ಕಲ್ಲಿನ ದೋಣಿಗಳು ಚಾಚಿಕೊಂಡಿದ್ದವು, ಒಂದೊಂದು ಅಂಗಡಿಗೆ ಒಂದು. ಮಾಳಿಗೆಯ ನೀರು ಅದರಲ್ಲಿ ಹೊರಗೆ ಬೀಳಬೇಕು. ನೀಲಮ್ಮನದರ ಕೆಳಗೆ ಗೋಡೆ ಹಸಿರು ಪಾಚಿ ಕಟ್ಟಿತ್ತು. ಉಳಿದ ನಾಲ್ಕು ಒಣಗಿ, ಬಾಯಲ್ಲಿ ಗುಬ್ಬಿ ಗೂಡು ಕಟ್ಟಿದ್ದವು. ಸಾಹುಕಾರ ಪ್ರತಿ ಕೋಣೆಯ ನೀರಿಗೂ ಅದರದ್ದೇ ದಾರಿ ಇಟ್ಟಿದ್ದ. ಇವರು ಎತ್ತರಿಸುತ್ತ ಹೋಗಿ ದೋಣಿಯ ಒಳಬಾಯನ್ನೇ ಹೂತುಹಾಕಿದ್ದರು. ಆಮೇಲೆ ನೀರು ಪಕ್ಕದವನ ಮೇಲೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು.

ಇದನ್ನು ಹೇಳಿದರೆ ಮೂವರು ನಂಬಲಿಲ್ಲ. ಇಮಾಮಸಾಬರು ಮಾತ್ರ ಸುಮ್ಮನೆ ಎದ್ದು, ಹಾರೆ ತೆಗೆದುಕೊಂಡು ಮೇಲೆ ಹತ್ತಿ, ನಾನು ತೋರಿಸಿದ ಕಡೆ ತೋಡಿದರು. ತೋಳಿನಾಳ ಹೋದ ಮೇಲೆ ಕಲ್ಲು ಸಿಕ್ಕಿತು. ಗೂಡನ್ನು ಕೋಲಿನಿಂದ ನೂಕಿ, ಕೊಡ ನೀರು ಸುರಿದರು. ಹಿಂದಿನ ಓಣಿಯಲ್ಲಿ ನೀರು ಬೀಳುವ ಸದ್ದು ಕೇಳಿತು. ಅವರು ಹಾರೆಗೆ ಆತು ನಿಂತು, "ನಮ್ಮಪ್ಪ, ನಮ್ಮಜ್ಜ ಹೊತ್ತದ್ದೆಲ್ಲಾ ಸುಮ್ಮನ ಹೊತ್ತಂಗಾತಲ್ರಿ ಅಕ್ಕಾರ" ಎಂದರು. ಅವರ ತಲೆಗೂದಲಿಗೆ ಮಣ್ಣು ಹತ್ತಿತ್ತು. ನನಗೆ ಅಯ್ಯೋ ಎನಿಸಿತು.

ಅಲ್ಲಿಂದ ಕೆಲಸ ನಡೆಯಿತು. ನಾಲ್ಕು ದೋಣಿಯೂ ತೆರೆದವು. ಟ್ರ್ಯಾಕ್ಟರು ಟ್ರ್ಯಾಕ್ಟರು ಮಣ್ಣು ಇಳಿಯಿತು. ಕಡಿದ ಮಣ್ಣಿನ ಅಂಚಿನಲ್ಲಿ ಪದರ ಪದರವಾಗಿ ಆ ಚೌಕದ ವ್ಯಾಪಾರ ಕಾಣುತ್ತಿತ್ತು. ಎಲ್ಲಕ್ಕಿಂತ ಕೆಳಗೆ ಹತ್ತಿಯ ಎಳೆ, ಅದರ ಮೇಲೆ ಶೇಂಗಾ ಸಿಪ್ಪೆ, ಆಮೇಲೆ ಬೀಡಿ ಕಟ್ಟಿನ ಕಾಗದ, ತೀರ ಮೇಲೆ ಶಾಂಪೂ ಚೀಟಿ, ಗುಟ್ಕಾ ಚೀಟಿ. ನೀವು ಯಾರಾದರೂ ಹಳೆಯ ಪೇಟೆಯ ಚರಿತ್ರೆ ಬರೆಯುವುದಿದ್ದರೆ ಮುಂದಿನ ಗೋಡೆಯ ಫೋಟೊ ಬಿಟ್ಟು ಇಂಥ ಅಂಚನ್ನು ನೋಡಿ. ನಾನು ಆಗ ಫೋಟೊ ತೆಗೆಯಲಿಲ್ಲ. ದಣಿದಿದ್ದೆ, ಹೊಳೆಯಲಿಲ್ಲ.

ಸಾಹೇಬರು ಬಂದು ನೋಡಿ ನೋಟೀಸನ್ನು ಕೈಬಿಟ್ಟರು. ಮುಂದಿನ ದೊಡ್ಡ ಮಳೆಯಲ್ಲಿ ಸಾಲಿನ ಯಾವ ಅಂಗಡಿಯೂ ಸೋರಲಿಲ್ಲ. ಮಳೆ ನಿಂತ ಮರುದಿನ ನಾನು ನೀಲಮ್ಮನಲ್ಲಿಗೆ ಹೋದೆ. ನೋಡಬೇಕೆಂಬ ಆಸೆ ಇತ್ತು, ನಾಲ್ಕು ಒಳ್ಳೆಯ ಮಾತು ಕೇಳಬೇಕೆಂಬ ಆಸೆಯೂ ಇತ್ತು. ಅವಳು ಚಾಪೆ ಹಾಸಿ ಕೂರಿಸಿ, ಬಳೆ ಇಡಲು ನನ್ನ ಕೈ ತೆಗೆದುಕೊಂಡಳು. ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿ, ಅಂಗೈಯನ್ನು ಕಿರಿದು ಮಾಡಿ, ನೋವಾಗದ ಹಾಗೆ ಬಳೆ ಏರಿಸುತ್ತಿದ್ದಳು. ಆ ಕೈಗೆ ಅಂಥ ಹದವಿತ್ತು. ತಲೆಯೆತ್ತದೆ ಕೈ ನೋಡುತ್ತಲೇ ಹೇಳಿದಳು.

"ಅಕ್ಕಾರ, ನಂದು ಗಟ್ಟಿ ಐತಿ ಅಂತ ಅಷ್ಟ ಜೋರಾಗಿ ಹೇಳಬಾರದಿತ್ರಿ."

ಯಾಕೆ ಎಂದೆ.

"ಸೋರ್ತೈತಿ ಅಂತ ಇಷ್ಟ ದಿವಸ ನನಗ ಬಿಟ್ಟಿದ್ರು. ಯಾರಿಗೂ ಬ್ಯಾಡಾಗಿತ್ತು. ಈಗ ಎಲ್ಲಾರಿಗೂ ಬೇಕಾತು."

ಎದ್ದು ಬಿಡೋಣವೆಂದರೆ ಕೈ ಅವಳ ಕೈಯಲ್ಲಿತ್ತು. ಗುರಣ್ಣ ಆಗಲೇ ಮಾತು ತೆಗೆದಿದ್ದನಂತೆ. ಅವನ ಅಂಗಡಿಯ ಸೀಳಿದ ತೊಲೆ ಆಸರೆಯ ಮೇಲೆ ನಿಂತಿತ್ತು, ಬಿಚ್ಚಿ ಕಟ್ಟಬೇಕಿತ್ತು. ನಡುವಿನ ಅಂಗಡಿ ತನ್ನದೇ, ಗಟ್ಟಿಯಾಗಿದೆ, ಒಣಗಿದೆ, ಎಂಜಿನಿಯರ್ ಅಕ್ಕಾರೇ ಹೇಳಿದ್ದಾರೆ. ಬಟ್ಟೆ ಅಂಗಡಿಯನ್ನು ಅಲ್ಲಿಗೆ ತರುತ್ತೇನೆ, ನೀನು ದೀಪಾವಳಿಯ ಹೊತ್ತಿಗೆ ಬೇರೆ ನೋಡಿಕೋ ಎಂದಿದ್ದ. ಅವಳು ಬಳೆ ಇಟ್ಟು ಮುಗಿಸಿ, ಅರಿಸಿನ ಕುಂಕುಮ ಕೊಟ್ಟು ಕಳಿಸಿದಳು. ದುಡ್ಡು ಬೇಡವೆಂದಳು. ಅದು ನನಗೆ ಇನ್ನೂ ಕಷ್ಟವಾಯಿತು.

ಗುರಣ್ಣನ ಹತ್ತಿರ ಹೋಗಿ ಮಾತಾಡಿದೆ. ಅವನೇನೂ ಕೆಟ್ಟವನಲ್ಲ. ಕೂರಿಸಿ ಚಹಾ ತರಿಸಿದ, ತಾಳ್ಮೆಯಿಂದ ಕೇಳಿಸಿಕೊಂಡ.

"ನೀವ ಹೇಳಿದ್ರಲ್ರಿ ಅಕ್ಕಾರ, ಗಟ್ಟಿ ಇರೂದು ಅದೊಂದ ಅಂತ. ನನ್ನ ಅಂಗಡಿ ನನ್ನ ತಲಿ ಮ್ಯಾಲ ಬೀಳೂ ಹಂಗ ಐತಿ. ನನ್ನ ಜಾಗಾಕ್ಕ ನಾ ಹೋಗೂದು ತಪ್ಪ ಏನ್ರಿ?"

ತಪ್ಪು ಎಂದು ಹೇಳಲು ನನ್ನ ಹತ್ತಿರ ಯಾವ ಕಾಯಿದೆಯೂ ಇರಲಿಲ್ಲ. ಅವನು ಒಂದೇ ಒಂದು ಕೇಳಿಕೊಂಡ. ಹತ್ತಿಪ್ಪತ್ತು ವರ್ಷದ ಬಾಡಿಗೆಗಿಂತ ಹೆಚ್ಚು ಖರ್ಚು ಮಾಡಿ ಅಲ್ಲಿ ಕಪಾಟು, ಗಾಜು ಎಲ್ಲ ಕೂರಿಸಬೇಕು. ಒಂದು ಹನಿ ಬಿದ್ದರೂ ಜವಳಿ ಹಾಳು. ಆದ್ದರಿಂದ ಮಳೆ ಬೀಳುವಾಗಲೇ ಬಂದು ಇನ್ನೊಮ್ಮೆ ನೋಡಿ ಖಾತ್ರಿ ಮಾಡಿ ಹೇಳಿ ಎಂದ. ಒಪ್ಪದೆ ಇರಲು ಕಾರಣವಿರಲಿಲ್ಲ. ಒಪ್ಪಿಕೊಂಡು ಬಂದೆ.

ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಆಫೀಸಿನಲ್ಲಿ ಹುಡುಗರು ಶಾಲು ಹಾರದ ಮಾತಾಡುತ್ತಿದ್ದರು. ನನಗೆ ಮಾತ್ರ ದಿನಾ ಬೆಳಗ್ಗೆ ಎದ್ದರೆ ಆಕಾಶ ನೋಡುವ ಕೆಲಸವಾಯಿತು. ಆ ವರ್ಷ ಹಿಂಗಾರು ತಡಮಾಡಿ, ಒಂದು ಸಂತೆಯ ದಿನ ಮಧ್ಯಾಹ್ನ ಜೋರಾಗಿ ಸುರಿಯಿತು. ಗುರಣ್ಣನ ಫೋನು ಬಂತು. ಕೊಡೆ ಹಿಡಿದು ಹೋದೆ.

ನೀಲಮ್ಮನ ಅಂಗಡಿಯೊಳಗೆ ಗುರಣ್ಣ ಮೊದಲೇ ಬಂದು ನಿಂತಿದ್ದ. ಅವನ ಮುಖ ಸಪ್ಪೆಯಾಗಿತ್ತು. ತಲೆಯೆತ್ತಿ ನೋಡಿದರೆ ಹಿಂದಿನ ಜಂತಿಗಳ ನಡುವಿನಿಂದ ಕೆಂಚು ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ತೊಟ್ಟು ಹೋಗಿ ದಾರವಾಯಿತು. ಗಿರಾಕಿ ಹೆಂಗಸರಿಬ್ಬರು ಸೆರಗು ತಲೆಗೆ ಹಾಕಿಕೊಂಡು ಎದ್ದರು. ನೀಲಮ್ಮ ಮೂಲೆಯಲ್ಲಿ ಕೂತಿದ್ದಳು. ಹೋದ ಮಳೆಯಲ್ಲಿ ಹನಿ ಸೋರದ ಮಾಳಿಗೆ ಈಗ ಯಾಕೆ ಸೋರುತ್ತದೆ ಎಂದು ನನಗೆ ಅರ್ಥವಾಗಲಿಲ್ಲ. ನೋಡಿ ಬರುತ್ತೇನೆ ಎಂದು ಗುರಣ್ಣನಿಗೆ ಹೇಳಿ ಏಣಿ ಹತ್ತಿದೆ. ಮೆಟ್ಟಿಲು ಜಾರುತ್ತಿತ್ತು, ಮಂಡಿ ಬೇಡ ಬೇಡ ಎನ್ನುತ್ತಿತ್ತು.

ಮೇಲೆ ನೀಲಮ್ಮನ ಪಾಲಿನ ಮಾಳಿಗೆಯಲ್ಲಿ ಮಾತ್ರ ನೀರು ಕಟ್ಟಿ ನಿಂತಿತ್ತು. ದೋಣಿಯ ಬಾಯ ಹತ್ತಿರ ಕೂತು ಕೈ ಹಾಕಿದೆ. ಬಟ್ಟೆ ಸಿಕ್ಕಿತು. ಎಳೆದರೆ ಉದ್ದಕ್ಕೆ ಬಂತು, ಹಳೆಯ ಇಳಕಲ್ ಸೀರೆಯ ಸೆರಗು, ಚೆನ್ನಾಗಿ ಹೊಸೆದು, ಬಿಗಿಯಾಗಿ ತುರುಕಿದ್ದು. ಅರ್ಧ ಹೊರಬಂದದ್ದೇ ನೀರು ಗುಳುಗುಳು ಎಂದು ಹಿಂದಿನ ಓಣಿಗೆ ಹರಿಯತೊಡಗಿತು. ಅರವತ್ತರ ಹತ್ತಿರದ ನೀಲಮ್ಮ ಈ ಏಣಿ ಹತ್ತಿ ಇಲ್ಲಿಗೆ ಹೇಗೆ ಬಂದಳು ಎಂದು ಯೋಚಿಸಿದೆ.

ಮಳೆಯಲ್ಲಿ ನೆನೆಯುತ್ತಲೇ ಲೆಕ್ಕ ಹಾಕಿದೆ. ನೀರು ನಿಂತರೆ ತೊಲೆಗೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಜೀವಮಾನವೆಲ್ಲ ಊರೂರಿನ ಮಾಳಿಗೆಗಳ ಮೇಲೆ ಕಟ್ಟಿದ ನೀರನ್ನು ಬಿಡಿಸುವುದೇ ನನ್ನ ಕೆಲಸವಾಗಿತ್ತು. ಈ ತೊಲೆ ಹಳೆಯ ಕಾಲದ ಗಟ್ಟಿ ಮರ. ಮೇಲೆ ಭಾರವಿಲ್ಲ. ಒದ್ದೆಯಾಗಿದ್ದರೂ ಐದಾರು ಮಳೆಗಾಲ ತಡೆದೀತು. ಅವಳ ಕಣ್ಣು, ಕೈ ನಡೆಯುವುದೂ ಅಷ್ಟೇ ಇದ್ದೀತು. ಸೆರಗನ್ನು ಮತ್ತೆ ಹೊಸೆದು ದೋಣಿಯೊಳಗೆ ತುರುಕಿದೆ. ಅವಳು ತುರುಕಿದ್ದಕ್ಕಿಂತ ಒಳಗೆ ಹೋಗಲಿ ಎಂದು ಬಡಿಗೆಯ ತುದಿಯಿಂದ ಒತ್ತಿದೆ.

ಕೆಳಗೆ ಇಳಿದಾಗ ಗುರಣ್ಣ ಬಾಗಿಲಲ್ಲೇ ಕಾಯುತ್ತಿದ್ದ. ಹೇಗಿದೆ ಎಂದು ಕೇಳಿದ.

"ಸೋರ್ತೈತ್ರಿ ಗುರಣ್ಣ," ಎಂದೆ. "ಜವಳಿ ಇಡಾಕ ಆಗಂಗಿಲ್ಲ."

ಅವನು ಒಮ್ಮೆ ಮೇಲೆ ನೋಡಿ, ಒಮ್ಮೆ ನನ್ನ ಒದ್ದೆ ಸೀರೆ ನೋಡಿ, ನಿಟ್ಟುಸಿರುಬಿಟ್ಟ. ಹಾಗಾದರೆ ತನ್ನದನ್ನೇ ಬಿಚ್ಚಿ ಕಟ್ಟಿಸಬೇಕು ಎಂದುಕೊಂಡು ಚೌಕ ದಾಟಿ ಹೋದ. ನೀಲಮ್ಮ ನನ್ನ ಕಡೆ ನೋಡಲಿಲ್ಲ. ನೀರು ಬೀಳುವ ಕಡೆಯ ಬಳೆ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ, ಸೆರಗಿನಿಂದ ಒರೆಸಿ, ಒಣಗಿದ ಕಡೆಗೆ ಸರಿಸುತ್ತಿದ್ದಳು.